ಮೋರಿಗೆ ಬಿದ್ದ ನಾಗದಾಳಿ

ನಾಗದಾಳಿ ಸೊಪ್ಪಿನ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎಡತೋಳು ಚುರುಗುಟ್ಟುತ್ತದೆ.

ತೊಂಬತ್ತರ ದಶಕದಲ್ಲಿ ನಾವು ಶಿವಾಜಿನಗರದ ಗಲ್ಲಿಯೊಂದರಲ್ಲಿ ಬಾಡಿಗೆಗಿದ್ದೆವು. ಒಂದು ಮಧ್ಯಾಹ್ನ, ಮೂರು ತಿಂಗಳ ತಮ್ಮನಿಗೆ ಶೀತವಾಗಿ ಎದೆ ಗೊರಗೊರ ಅನ್ನುತ್ತಿತ್ತು. ನಾನು ಖಾಲಾ ಎಂದು ಕರೆಯುತ್ತಿದ್ದ ಎದುರು ಮನೆಯ ಮುಸ್ಲಿಂ ಹೆಂಗಸು ತಮ್ಮ ಕುಂಡದಿಂದ ಒಂದು ಹಿಡಿ ಸೊಪ್ಪು ಕಿತ್ತು ತಂದು, "ಸುದಾಬ್ ಅಮ್ಮಾ, ಮಗೂಗೆ ಹೊಗೆ ಹಾಕಿ" ಎಂದರು. ಅಜ್ಜಿ ಅವರೆದುರಿಗೇ ಅದನ್ನು ಮೋರಿಗೆ ಎಸೆದರು.

"ಅವರ ಸೊಪ್ಪು ನಮಗ್ಯಾಕೆ? ನಮ್ಮದು ನಾಗದಾಳಿ. ನಾಗಪ್ಪನ ಹೆಸರಿರೋ ಗಿಡ, ಹಾವು ಕೂಡ ಹತ್ರ ಸುಳಿಯಲ್ಲ" ಎನ್ನುತ್ತಾ ನನ್ನನ್ನು ಮಾರ್ಕೆಟ್ಟಿಗೆ ಎಳೆದುಕೊಂಡು ಹೋದರು.

ಅಜ್ಜಿ ನಾಗದಾಳಿ ಕೇಳಿದರೆ ಸೊಪ್ಪಿನವಳು ಪಕ್ಕದಲ್ಲಿದ್ದ ಗಂಡನಿಗೆ, "ರೀ, ಸುದಾಬ್ ಒಂದು ಕಟ್ಟು ಕೊಡಿ" ಎಂದಳು. ಅದೇ ಬೂದುಹಸಿರು ಎಲೆ, ಅದೇ ಘಾಟು.

"ಅಜ್ಜಿ, ಇದು ಖಾಲಾ ಕೊಟ್ಟಿದ್ದೇ ಅಲ್ವಾ?"

ಅಜ್ಜಿ ನನ್ನ ಎಡತೋಳನ್ನು ಉಗುರು ನಾಟುವಂತೆ ಚಿವುಟಿದರು. "ಮನೇಲಿ ಬಾಯಿ ಬಿಟ್ರೆ ನೋಡು."

ಮನೆಯಲ್ಲಿ ಅಮ್ಮ ಸೊಪ್ಪನ್ನು ಮೂಸಿ, "ಎದುರು ಮನೆಯವರು ತಂದಿದ್ದೂ ಇದೇ ಅಲ್ವೇನೇ?" ಎಂದು ನನ್ನನ್ನು ಕೇಳಿದಳು. ಅಜ್ಜಿ ನನ್ನ ತೋಳನ್ನೇ ನೋಡುತ್ತಿದ್ದರು.

"ಅಲ್ಲಮ್ಮ, ಅದು ಬೇರೆ. ಅದು ನಾತ ಹೊಡೀತಿತ್ತು" ಎಂದೆ, ಬೇಕಿದ್ದಕ್ಕಿಂತ ಜೋರಾಗಿ.

ನಮ್ಮ ಬಾಗಿಲು ತೆರೆದೇ ಇತ್ತು. ಎದುರು ಹೊಸ್ತಿಲಲ್ಲಿ ಖಾಲಾ ಕುಂಡಕ್ಕೆ ನೀರು ಹಾಕುತ್ತಿದ್ದರು. ಅವರ ಕೈಯಲ್ಲಿದ್ದ ಚೊಂಬು ಹಾಗೆಯೇ ನಿಂತಿತು.