ಭೂಮಿ ಬಿಡುವ ವೇಗ

ನಮ್ಮ ಮನೆಯಲ್ಲಿ ಭಾನುವಾರದ ಓದು ಬಳಗ ಸೇರಿತ್ತು. ಅಂದಿನ ವಿಷಯ, ಭೂಮಿಯ ಸೆಳೆತದಿಂದ ಬಿಡುಗಡೆ. ವಿಜ್ಞಾನದ ವಿಷಯವಾದರೂ ನಾನು ಧರಣಿಯಲ್ಲಿ ಘೋಷಣೆ ಕೂಗುವ ದನಿಯಲ್ಲೇ ಶುರುಮಾಡಿದೆ. ನನಗೆ ಬೇರೆ ದನಿ ಬರುವುದಿಲ್ಲ.

“ಸೆಕೆಂಡಿಗೆ ಹನ್ನೊಂದು ಕಿಲೋಮೀಟರ್, ಸಂಗಾತಿಗಳೇ. ಅದಕ್ಕಿಂತ ಕಡಿಮೆ ವೇಗದಲ್ಲಿ ಎಸೆದ ಕಲ್ಲು ಮತ್ತೆ ಈ ಮಣ್ಣಿಗೇ ಬೀಳುತ್ತದೆ. ಬಿಡುಗಡೆ ಎಂದರೆ ಒಂದೇ ನೆಗೆತ.”

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ತಿಂಗಳ ಹಿಂದೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಹೆಣ್ಣಿನ ಬಿಡುಗಡೆಯ ಬಗ್ಗೆ ನಾನು ಬರೆಯುತ್ತಿರುವ ಪುಸ್ತಕ ಮುಗಿಯಲಿ, ಅಲ್ಲಿಯವರೆಗೆ ಮನೆ ನೋಡಿಕೋ ಎಂದಿದ್ದೆ. ಹಗಲೆಲ್ಲ ನಾನು ಧರಣಿಯ ಡೇರೆಯಲ್ಲಿರುವವನು.

“ಅದು ಎಸೆದ ಕಲ್ಲಿಗೆ ತಾನೆ?” ಎಂದಳು. “ಎಂಜಿನ್ ಆರಿಸ್ದೆ ನಿಧಾನಕ್ಕೆ ಹೋಗ್ತಾ ಇದ್ರೆ?”

ಬಳಗದ ಫಿಸಿಕ್ಸ್ ಮೇಷ್ಟ್ರು ನಕ್ಕರು. “ಅಕ್ಕ ಹೇಳಿದ್ದೇ ಸರಿ. ಇಂಧನ ಮುಗೀದಿದ್ರೆ ಎತ್ತಿನಗಾಡಿ ವೇಗದಲ್ಲೂ ಭೂಮಿ ಬಿಟ್ಟು ಹೋಗಬಹುದು.”

ಬಳಗ ಚಪ್ಪಾಳೆ ತಟ್ಟಿತು. ನನ್ನ ಮಾತಿಗೆ ಯಾರೂ ತಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ದೊಡ್ಡ ಮನಸ್ಸು ಮಾಡಿದೆ. ಗಂಟಲು ಸರಿಪಡಿಸಿಕೊಂಡು ಹೇಳಿದೆ, “ನೋಡು, ಪುಸ್ತಕ ಹಾಗಿರ್ಲಿ. ನೀನು ನಾಳೆನೇ ಕೆಲಸಕ್ಕೆ ಸೇರ್ಕೋ. ನಾನೇನೂ ಅಡ್ಡಿ ಮಾಡಲ್ಲ.”

ಅವಳು ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತ ಹೇಳಿದಳು, “ಸೇರಿ ಹತ್ತೊಂಬತ್ತು ದಿನ ಆಯ್ತು ರೀ. ಇವತ್ತು ವಾರದ ರಜೆ.”