ಹಿಂಡದೆ ಬಿಟ್ಟ ಮೊಲೆ

ಅರಿಸಿನದೊಂದಿಗೆ ಅರೆದ ಲೋಳೆಸರದ ವಾಸನೆ ಬಂದರೆ ಈಗಲೂ ನಮ್ಮೂರು ಅರಕೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಕೆಲವು ದಿನಕ್ಕೆಂದು ಕಾಖಂಡಕಿ ಊರಿಗೆ ಹೋಗಿದ್ದಳು. ಆಕಳು ಹಿಂಡುವ ಕೆಲಸ ನನ್ನದಾಗಿತ್ತು. ಒಂದು ಮೊಲೆಯಿಂದ ಒಡೆದ ಹಾಲು ಬಂತು. ಪಾತ್ರೆಗೆ ಹಿಂಡಿದರೆ ಉಳಿದ ಹಾಲೂ ಕೆಡುತ್ತಿತ್ತು; ನೆಲಕ್ಕೆ ಚೆಲ್ಲಿದರೆ ಪಾಪವೆಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೆ ಆ ಮೊಲೆಯನ್ನು ಹಿಂಡದೆ ಬಿಟ್ಟೆ, ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಕೆಚ್ಚಲಿನ ಆ ಭಾಗ ಕಲ್ಲಿನಂತಾಗಿ ಸುಡುತ್ತಿತ್ತು. ಮಧ್ಯಾಹ್ನ ಅಜ್ಜಿ ಅದಕ್ಕೆ ಲೋಳೆಸರದ ಲೇಪ ಹಚ್ಚುತ್ತಿದ್ದಾಗ ದನದ ಡಾಕ್ಟರು ಬಂದು ಮುಟ್ಟಿ ನೋಡಿದರು.

“ಕೆಟ್ಟ ಹಾಲು ಒಳಗ ಉಳದೈತಿ. ಈ ಮಲಿ ಹೋತು ಯವ್ವಾ, ಇನ್ನ ಮೂರರಾಗ ಬಂದಷ್ಟ ಹಾಲು.”

“ನಮ್ಮ ಹುಡುಗಿ ನಾಕೂ ಹಿಂಡ್ಯಾಳ್ರಿ. ಇದಕ್ಕ ಬಾಜೂಮನಿ ಶಾಂತವ್ವನ ಕಣ್ಣ ಬಿದ್ದೈತಿ,” ಎಂದಳು ಅಜ್ಜಿ.

ನಾನು ಲೇಪದ ಬಟ್ಟಲನ್ನು ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಓಣಿಯಲ್ಲಿ ನಿಂತು ಶಾಂತವ್ವನನ್ನು ಬೈದಳು. ದಿನಾ ಶಾಲೆಗೆ ನನ್ನನ್ನು ಕರೆಯಲು ಬರುತ್ತಿದ್ದ ಶಾಂತವ್ವನ ಮಗಳು ಮರುದಿನ ಬರಲಿಲ್ಲ. ಶಾಲೆಗೆ ಒಬ್ಬಳೇ ನಡೆದೆ.