ಇಪ್ಪತ್ತಮೂರನೆಯ ತಲೆ

ಬಸ್ಸಿನ ಹಾರ್ನ್ ಉದ್ದಕ್ಕೆ ಮೂರು ಸಲ ಕೂಗಿದಾಗ ಹುಡುಗಿಗೆ ಎಚ್ಚರವಾಯಿತು. ಬಸ್ಸು ಬೆಟ್ಟದ ಕೊನೆಯ ತಿರುವಿನಲ್ಲಿ ನಿಂತಿತ್ತು. ಬಹಳ ಕೆಳಗೆ ಕಡಲು, ದಡದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಲಾಂಚು. ಅದರ ಸೀಟಿಯೂ ಒಮ್ಮೆ ಕೂಗಿತು. ಬಂದೆವು ಎಂದು ಡ್ರೈವರ್ ತಿಳಿಸುವುದು, ಕಾಯುತ್ತೇನೆ ಎಂದು ಲಾಂಚಿನವನು ಒಪ್ಪುವುದು ಹೀಗೆ. ದ್ವೀಪಕ್ಕೆ ವಾರಕ್ಕೆ ಎರಡೇ ಲಾಂಚು.

"ಅತ್ತೆ, ಸಮುದ್ರ ನೋಡಿ," ಎನ್ನುತ್ತ ಅವಳು ಪಕ್ಕದ ಹೆಗಲಿನಿಂದ ತಲೆಯೆತ್ತಿದಳು. ಹೆಗಲು ವಾಲಿ ಅವಳ ಮಡಿಲಿಗೇ ಬಿತ್ತು. ಅದು ಅತ್ತೆಯ ಬೆನ್ನುಚೀಲ. ಚೀಲಕ್ಕೆ ಅತ್ತೆಯ ಶಾಲು ಹೊದಿಸಿತ್ತು, ನೆತ್ತಿಯ ಮೇಲೆ ಅತ್ತೆಯ ಉಣ್ಣೆ ಟೋಪಿ.

ಕಂಡಕ್ಟರನ ಮುಖ ಬಿಳಿಚಿಕೊಂಡಿತು. ನಲವತ್ತು ನಿಮಿಷದ ಹಿಂದೆ, ಘಾಟಿಯ ನೆತ್ತಿಯ ಚಹಾದಂಗಡಿಯಿಂದ ಹೊರಡುವಾಗ ಬಾಗಿಲಲ್ಲೇ ನಿಂತು ತಲೆ ಎಣಿಸಿದವನು ಅವನು. ಇಪ್ಪತ್ತಮೂರು ಬಂದಿತ್ತು. ಯಾರೂ ಕೇಳುವ ಮೊದಲೇ, ತಾನು ಟೋಪಿಯನ್ನೂ ಎಣಿಸಿದೆ ಎಂದು ಅವನೇ ಒಪ್ಪಿಕೊಂಡ.

ಅತ್ತೆಗೆ ಅರವತ್ತೇಳು. ಫೋನು ಚೀಲದಲ್ಲೇ ಇತ್ತು. ಆ ದಾರಿಗೆ ಮುಂದಿನ ಬಸ್ಸು ಇನ್ನು ಮೂರು ದಿನಕ್ಕೆ. "ನನ್ನ ಅಕ್ಕನ್ನ ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ವಾಪಸ್ ತಂದುಕೊಡು," ಎಂದು ಹೊರಡುವಾಗ ಅಪ್ಪ ತಮಾಷೆ ಮಾಡಿದ್ದು ಹುಡುಗಿಗೆ ನೆನಪಾಯಿತು. ಎರಡೂ ಚೀಲ ಹೆಗಲಿಗೇರಿಸಿ ಇಳಿದವಳು ಬಂದ ದಾರಿಯಲ್ಲೇ ಮೇಲಕ್ಕೆ ಹೊರಟಳು. ಡ್ರೈವರ್ ತಡೆದ. ರಸ್ತೆ ಕಿರಿದು, ಬಸ್ಸು ತಿರುಗಿಸಲು ಜಾಗವಿಲ್ಲ; ಆದರೆ ರಸ್ತೆ ಕೆಲಸದವರ ಲಾರಿ ಸಂಜೆಯೊಳಗೆ ಇಳಿಯಬೇಕು, ಚಹಾದಂಗಡಿಯಾಕೆ ಅದನ್ನು ಸುಮ್ಮನೆ ಹೋಗಲು ಬಿಡುವವಳಲ್ಲ ಎಂದ. ಎಂಜಿನ್ ಆರಿಸಿದ.

ಕೋಳಿಮರಿಗಳ ಡಬ್ಬ ಇಟ್ಟುಕೊಂಡಿದ್ದವನೊಬ್ಬ, ಲಾಂಚು ತಪ್ಪಿದರೆ ಮರಿಗಳು ಉಳಿಯುವುದಿಲ್ಲ ಎಂದು ಗೊಣಗಿದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: "ನಿಮ್ಮತ್ತೆ ಸ್ವೆಟರ್ ಹಾಕ್ಕೊಂಡಿದ್ದಾರಾ?"

"ಹ್ಞೂಂ."

"ಸರಿ ಬಿಡಿ," ಎಂದವನು ಡಬ್ಬವನ್ನು ಬಿಸಿಲಿಗೆ ಸರಿಸಿ ಕುಳಿತ.

ಹತ್ತು ನಿಮಿಷಕ್ಕೊಮ್ಮೆ ಡ್ರೈವರ್ ಮೂರು ಹಾರ್ನ್ ಹೊಡೆಯುತ್ತಿದ್ದ. ಕೆಳಗಿನಿಂದ ಸೀಟಿ ಬರುತ್ತಿತ್ತು. ನಾಲ್ಕನೆಯ ಸಲ ಅದು ತೀರ ಮೊಟಕಾಗಿತ್ತು. "ಬೈತಿದ್ದಾನೆ," ಎಂದ ಡ್ರೈವರ್. "ಬೈತಿದ್ದಾನೆ ಅಂದ್ರೆ ಇನ್ನೂ ಹೋಗಿಲ್ಲ."

ಲಾರಿ ಬಂತು. ಇಬ್ಬರು ಕೆಲಸಗಾರರು ಮೊಣಕೈ ಹಿಡಿದಿರಲು ಅತ್ತೆ ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಇಳಿದರು. ಕೈಯಲ್ಲಿ ಹುಡುಗಿಯ ನೀಲಿ ಬಾಟಲಿ.

ಹುಡುಗಿಗೆ ಅಪ್ಪಿಕೊಳ್ಳುವುದಕ್ಕಿಂತ ಮೊದಲು ಬೈಗುಳವೇ ಬಂತು. "ಒಂದು ಮಾತು ಹೇಳಿ ಇಳಿಯೋದಲ್ವಾ ಅತ್ತೆ?"

"ಆ ತಿರುವುಗಳಲ್ಲಿ ನಿನಗೆ ಹೊಟ್ಟೆ ತೊಳಸಿ ತೊಳಸಿ, ನೀನು ಆಗ ತಾನೇ ಕಣ್ಣು ಮುಚ್ಚಿದ್ದೆ ಕಣೇ. ಬಿಸಿನೀರು ಹಿಡ್ಕೊಂಡು ಬರೋಣ ಅಂತ ಹೋದೆ. ನಿನ್ನ ತಲೆ ಜೋಲದೆ ಇರ್ಲಿ ಅಂತ ಚೀಲ ಇಟ್ಟೆ. ಚೀಲದ ಬಕಲ್ ಕೆನ್ನೆಗೆ ಚುಚ್ಚೋ ಹಾಗಿತ್ತು, ಅದಕ್ಕೆ ಟೋಪಿ." ಅತ್ತೆ ಬಾಟಲಿ ಮುಂದೆ ಹಿಡಿದರು. ನೀರು ಇನ್ನೂ ಬೆಚ್ಚಗಿತ್ತು. "ನಾನೇನೂ ಹೆದರ್ಲಿಲ್ಲಪ್ಪ. ಇನ್ನು ಐದು ನಿಮಿಷಕ್ಕೆ ಇನ್ನೊಂದು ಬಸ್ಸಿದೆ ಅಂತ ಆ ಚಹಾದಾಕೆ ಹೇಳ್ತಾನೇ ಇದ್ದಳು. ಅಷ್ಟರಲ್ಲಿ ಈ ಲಾರಿ ಬಂತು."

ಹುಡುಗಿ ಬಾಟಲಿ ಬಾಯಿಗಿಟ್ಟು ನೀರು ಕುಡಿದಳು. ಡ್ರೈವರ್ ಕನ್ನಡಿ ಒರೆಸತೊಡಗಿದ. ಕೋಳಿಮರಿಯವನು, ಹೌದಮ್ಮ, ಈ ದಾರೀಲಿ ಬಸ್ಸಿಗೇನು ಬರ ಎಂದ.

ಎಲ್ಲರೂ ಕುಳಿತ ಮೇಲೆ ಕಂಡಕ್ಟರ್ ಮತ್ತೆ ಎಣಿಸಿದ. ಈ ಸಲ ಬಾಗಿಲಲ್ಲಿ ನಿಲ್ಲದೆ, ಒಬ್ಬೊಬ್ಬರ ಹೆಗಲನ್ನೂ ಮುಟ್ಟುತ್ತ ಬಂದ. ಅತ್ತೆಯ ಬಳಿ ನಿಂತು, ಚೀಲದ ಮೇಲಿದ್ದ ಟೋಪಿ ತೆಗೆದು ಅವರ ತಲೆಗೆ ಹಾಕಿ, ಎರಡೂ ಕಿವಿ ಮುಚ್ಚುವಷ್ಟು ಕೆಳಗೆಳೆದ.

"ಇಪ್ಪತ್ತಮೂರು," ಎಂದ.